ದೋಸೆ ತಿಂದದ್ದು ಅಣ್ಣನಿಗೆ ಹೇಗೆ ಗೊತ್ತಾಯ್ತು

ಎರಡನೇ ಬೆಣ್ಣೆ ದೋಸೆ ತಟ್ಟೆಗೆ ಬೀಳುವ ಹೊತ್ತಿಗೆ ಅಣ್ಣನ ಫೋನ್ ಬಂತು. "ಟ್ಯೂಷನ್ ಬಿಟ್ಟು ಪಿ.ಜೆ. ಬಡಾವಣೆಯಲ್ಲಿ ಏನ್ ಮಾಡ್ತಿದ್ದೀರಾ ಇಬ್ರೂ?"

ನನಗೆ 46 ವರ್ಷ. ಹನ್ನೆರಡು ವರ್ಷದಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ, ಊರು ದಾವಣಗೆರೆಗೆ ಬಂದಿದ್ದೆ. ಆದರೂ ಕ್ಲಾಸ್ ತಪ್ಪಿಸಿ ಸಿಕ್ಕಿಬಿದ್ದ ಹುಡುಗನ ಹಾಗೆ ತುತ್ತು ಬಾಯಲ್ಲೇ ನಿಂತಿತು. ಎದುರಿಗೆ ಕೂತಿದ್ದ ಅಣ್ಣನ ಮಗಳು, ಸೆಕೆಂಡ್ ಪಿಯುಸಿ, ಪಲ್ಯದಿಂದ ತಲೆ ಕೂಡ ಎತ್ತಲಿಲ್ಲ. "ನನ್ನ ಫೋನ್ ಎಲ್ಲಿದೆ ಅಂತ ನೋಡಿರ್ತಾರೆ ಚಿಕ್ಕಪ್ಪ. ಈಗ ಚಾರ್ಜ್ ಕಮ್ಮಿ ಇದೆ ಅಂತಾರೆ, ಕೇಳಿ."

"ಅವಳ ಫೋನಲ್ಲಿ ಚಾರ್ಜ್ ಹದಿನಾಲ್ಕೇ ಇದೆ, ಬೇಗ ಬನ್ನಿ" ಅಂದ ಅಣ್ಣ.

ಗೂಗಲ್ ಮ್ಯಾಪ್‌ನಲ್ಲಿ ಲೊಕೇಶನ್ ಶೇರ್ ಮಾಡಿದರೆ ಬ್ಯಾಟರಿ ಎಷ್ಟಿದೆ ಅಂತಲೂ ಕಾಣುತ್ತೆ. ಅವಳ ಚುಕ್ಕಿಯನ್ನು ನೋಡುವವರು ನಾಲ್ಕು ಜನ. ಅಣ್ಣ, ಅತ್ತಿಗೆ, ಮೈಸೂರಿನಲ್ಲಿರುವ ಅವಳ ಸೋದರಮಾವ, ಮತ್ತೆ ಎಂಜಿನಿಯರಿಂಗ್ ಓದುವ ಅವಳ ಅಣ್ಣ. ಈ ಮಹಾಶಯ ಮಾತ್ರ ಯಾರ ಮ್ಯಾಪಿನಲ್ಲೂ ಇಲ್ಲ. ರಾತ್ರಿ ಹನ್ನೊಂದಕ್ಕೆ ಹರಿಹರದಿಂದ ಬೈಕಿನಲ್ಲಿ ಬರುತ್ತಾನೆ, ಹೆಲ್ಮೆಟ್ ಹ್ಯಾಂಡಲ್‌ಗೆ ನೇತಾಡುತ್ತಿರುತ್ತೆ. ಕೇಳಿದರೆ "ಗಂಡುಹುಡುಗ ಬಿಡೋ" ಅನ್ನುತ್ತಾರೆ. ಭಯ ಅಪಘಾತದ್ದಾದರೆ ಮೊದಲು ಅವನ ಚುಕ್ಕಿ ನೋಡಬೇಕಿತ್ತಲ್ವಾ?

ನಮ್ಮ ಕಾಲದಲ್ಲಿ ಕಾವಲು ಇರಲಿಲ್ಲ ಅಂತಲ್ಲ. ದಾವಣಗೆರೆಯಲ್ಲಿ ಯಾರ ಕಣ್ಣಿಗೂ ಬೀಳದೆ ಓಡಾಡಿದವರುಂಟೇ? ಪಿಯುಸಿಯಲ್ಲಿ ಒಂದು ಮಧ್ಯಾಹ್ನ ಕ್ಲಾಸ್ ಬಿಟ್ಟು ಸಿನಿಮಾಗೆ ಹೊರಟಿದ್ದೆ. ಅಶೋಕ ಟಾಕೀಸ್ ಹತ್ತಿರ ರೈಲ್ವೆ ಗೇಟ್ ಹಾಕಿತ್ತು. ಆ ಗೇಟ್ ಹಾಕಿದರೆ ಅರ್ಧ ಊರು ಒಂದೇ ಕಡೆ ನಿಂತಂತೆ. ಸೈಕಲ್ ಮೇಲೆ ಒಂದು ಕಾಲು ಊರಿಕೊಂಡು ನಿಂತಿದ್ದೆ. ಪಕ್ಕಕ್ಕೆ ಬಂದು ನಿಂತ ಲೂನಾ ಮೇಲೆ ಮಂಡಿಪೇಟೆಯ ಅಂಗಡಿಯವರು, ಅಪ್ಪನ ಪರಿಚಯದವರು. ನನ್ನ ಬ್ಯಾಗ್ ನೋಡಿದರು, ಕೈಗಡಿಯಾರ ನೋಡಿಕೊಂಡರು. ಗೂಡ್ಸ್ ಗಾಡಿ ಪೂರ್ತಿ ದಾಟುವವರೆಗೂ ಒಂದು ಮಾತಾಡಲಿಲ್ಲ. ಗೇಟ್ ಎದ್ದಾಗ "ಇನ್ನೊಂದ್ಸಲ ಕಂಡ್ರೆ ನಿಮ್ಮಪ್ಪಂಗೆ ಹೇಳ್ತೀನಿ" ಅಂದು ಹೊರಟರು. ಕೊನೆಗೂ ಹೇಳಲಿಲ್ಲ. ಆಮೇಲೆ ಎಷ್ಟೋ ವರ್ಷ ಅವರ ಅಂಗಡಿ ಮುಂದೆ ಹಾದುಹೋಗುವಾಗ ನಾನೇ ಸೈಕಲ್ ಇಳಿದು ನಡೆಯುತ್ತಿದ್ದೆ. ಅವರಿಗೆ ಯಾವುದನ್ನು ಹೇಳಬೇಕು, ಯಾವುದನ್ನು ನುಂಗಿಕೊಳ್ಳಬೇಕು ಅಂತ ಗೊತ್ತಿತ್ತು. ಮ್ಯಾಪಿನ ಚುಕ್ಕಿಗೆ ಅದು ಗೊತ್ತಿಲ್ಲ.

ಆ ಚುಕ್ಕಿಯನ್ನೂ ಪೂರ್ತಿ ನಂಬೋ ಹಾಗಿಲ್ಲ. ಬಯಲಲ್ಲಿ ಜಿಪಿಎಸ್ ಕೆಲವು ಮೀಟರ್ ಆಚೀಚೆ ಸರಿಯಾಗಿ ತೋರಿಸುತ್ತೆ. ಕಟ್ಟಡದ ಒಳಗೆ ಹೋದರೆ ವೈಫೈ, ಟವರ್ ನೋಡಿ ಅಂದಾಜು ಮಾಡುತ್ತೆ. ನೆಟ್ ಹೋದರಂತೂ ಹಳೇ ಜಾಗದಲ್ಲೇ ಕೂತಿರುತ್ತೆ. ನಾನಿದ್ದ ವಾರದಲ್ಲೇ ಒಂದು ಸಂಜೆ ಚುಕ್ಕಿ ಗಡಿಯಾರ ಕಂಬದ ಹತ್ತಿರ ನಲವತ್ತು ನಿಮಿಷ ಅಲ್ಲಾಡಲಿಲ್ಲ. ಅತ್ತಿಗೆ ದೇವರಿಗೆ ತುಪ್ಪದ ದೀಪ ಹರಸಿಕೊಂಡರು. ಹುಡುಗಿ ಮಹಡಿ ಮೇಲಿನ ರೂಮಿನಲ್ಲಿ ಮಲಗಿದ್ದಳು. ಇನ್ನೊಂದು ವಿಷಯ. ಅವಳ ಗೆಳತಿಯೊಬ್ಬಳು ಫೋನನ್ನು ಟ್ಯೂಷನ್‌ನಲ್ಲಿ ಬೇರೆಯವರ ಬ್ಯಾಗಿಗೆ ಹಾಕಿ ಹೊರಗೆ ಹೋಗುತ್ತಾಳಂತೆ. ಗೆಳತಿ ಅಂತಲೇ ಹೇಳಿದಳು, ನಾನೂ ಹೆಚ್ಚು ಕೆದಕಲಿಲ್ಲ. ಆದರೆ ಕಾವಲಿಗೆ ಅಂತ ಕೊಟ್ಟ ಫೋನ್, ಕಷ್ಟಕ್ಕೆ ಬೇಕಾದಾಗ ಕೈಯಲ್ಲೇ ಇರಲ್ಲ ಅಂತಾಯ್ತು.

ಜರ್ಮನಿಯಲ್ಲಿ ಒಂದನೇ ಕ್ಲಾಸಿನ ಮಕ್ಕಳು ಬೆನ್ನಿಗಿಂತ ದೊಡ್ಡ ಬ್ಯಾಗ್ ಹೊತ್ತು ತಾವೇ ಶಾಲೆಗೆ ನಡೆದು ಹೋಗುವುದು ಮಾಮೂಲು. 2017ರಲ್ಲಿ ಅಲ್ಲಿನ ದೂರಸಂಪರ್ಕ ನಿಯಂತ್ರಕರು, ಮಕ್ಕಳ ಸುತ್ತಲಿನ ಮಾತನ್ನು ಕದ್ದು ಕೇಳುವ ಸೌಲಭ್ಯವಿದ್ದ ಮಕ್ಕಳ ವಾಚುಗಳನ್ನು ನಿಷೇಧಿಸಿದರು. ಮನೆಯಲ್ಲಿದ್ದರೆ ಹಾಳುಮಾಡಿ ಎಸೆಯಿರಿ ಅಂದರು. ಕೆಲವು ಅಪ್ಪ-ಅಮ್ಮಂದಿರು ಅದರಲ್ಲಿ ಮೇಷ್ಟ್ರ ಪಾಠವನ್ನೂ ಕೇಳುತ್ತಿದ್ದರಂತೆ! ನಿಷೇಧ ಲೊಕೇಶನ್ ನೋಡುವುದಕ್ಕಲ್ಲ, ಕದ್ದು ಕೇಳುವುದಕ್ಕೆ. ಅದೇ ವರ್ಷ ಆಗಸ್ಟ್ 24ರಂದು ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳೂ ಖಾಸಗಿತನ ಮೂಲಭೂತ ಹಕ್ಕು ಅಂದರು. ಇದನ್ನು ಅತ್ತಿಗೆಗೆ ಹೇಳಿದೆ. "ಕೋರ್ಟಿನೋರು ರಾತ್ರಿ ಎಂಟಕ್ಕೆ ಬಸ್‌ಸ್ಟಾಂಡಿಗೆ ಬಂದು ಹುಡುಗೀನ ಕರ್ಕೊಂಡು ಬರ್ತಾರಾ?" ಅಂದರು.

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಜರ್ಮನಿಯ ಧೈರ್ಯ ನನ್ನ ಸ್ವಂತದ್ದಲ್ಲ, ಅಲ್ಲಿನ ಫುಟ್‌ಪಾತ್‌ಗಳದ್ದು. ಅದೂ ಎಷ್ಟರ ಧೈರ್ಯ? ಕಳೆದ ಡಿಸೆಂಬರಿನಲ್ಲಿ ನಾಲ್ಕೂವರೆಗೇ ಕತ್ತಲು. ಎಸ್-ಬಾನ್ ರೈಲು ಎಲ್ಲೋ ನಿಂತುಬಿಟ್ಟಿತ್ತು. ಹನ್ನೆರಡು ವರ್ಷದ ನನ್ನ ಮಗಳ ಫೋನ್ ಸ್ವಿಚ್ ಆಫ್. ಐವತ್ತು ನಿಮಿಷ ಪ್ಲಾಟ್‌ಫಾರಂ ಮೇಲೆ ನಿಂತಿದ್ದೆ. ಕೈಗೆ ಗ್ಲೌಸ್ ಹಾಕಿಕೊಳ್ಳುವುದೂ ಮರೆತಿತ್ತು. ಒಂದು ಚುಕ್ಕಿ ಕಂಡಿದ್ದರೆ ಸಾಕಿತ್ತು ಅಂತ ಅನಿಸಿದ್ದು ನಿಜ. ಅಣ್ಣನಿಗೆ ಇದನ್ನು ಹೇಳಿಲ್ಲ. ಹೇಳಿದರೆ ಜೀವನಪೂರ್ತಿ ಆಡಿಕೊಳ್ಳುತ್ತಾನೆ.

ಆಮೇಲೆ ನಮ್ಮ ಮನೆಯಲ್ಲಿ ಒಂದು ಒಪ್ಪಂದ ಆಯಿತು. ತಡವಾದರೆ ಮಗಳೇ ವಾಟ್ಸಾಪ್‌ನಲ್ಲಿ ಒಂದು ಗಂಟೆ ಲೈವ್ ಲೊಕೇಶನ್ ಹಾಕುತ್ತಾಳೆ. ಗಂಟೆ ಮುಗಿದರೆ ತಾನಾಗೇ ನಿಲ್ಲುತ್ತೆ. ಹೀಗೇ ಮಾಡು ಅಂತ ಅಣ್ಣನಿಗೂ ಹೇಳಿ ನೋಡಿದೆ. ಒಪ್ಪಲಿಲ್ಲ. ಅವನ ಮಗಳು ಬೇರೆ ದಾರಿ ಹಿಡಿದಳು. "ಹಂಗಾದ್ರೆ ನೀವೂ ಆನ್ ಮಾಡ್ಕೊಳ್ಳಿ ಅಪ್ಪ, ನಮಗೂ ಭಯ ಆಗುತ್ತೆ" ಅಂದಳು. ಅಣ್ಣ ನಗುತ್ತಲೇ ಆನ್ ಮಾಡಿದ. ನಾಲ್ಕು ದಿನ ಎಲ್ಲ ಸರಿ ಇತ್ತು. ಐದನೇ ದಿನ ಗೋಡೌನ್‌ಗೆ ಹೋಗುತ್ತೇನೆ ಅಂತ ಹೋದವನ ಚುಕ್ಕಿ ಮಂಡಕ್ಕಿ ಮೆಣಸಿನಕಾಯಿ ಅಂಗಡಿ ಮುಂದೆ ಅರ್ಧ ಗಂಟೆ ನಿಂತಿತ್ತು. ಡಾಕ್ಟರು ಎಣ್ಣೆ ಪದಾರ್ಥ ಮುಟ್ಟಬೇಡಿ ಅಂದಿದ್ದಾರೆ. ಅತ್ತಿಗೆ ಫೋನ್ ಮಾಡಿದರು.

ಅವತ್ತು ರಾತ್ರಿಯೇ ಅಣ್ಣ ತನ್ನದನ್ನು ಆಫ್ ಮಾಡಿದ. ಬ್ಯಾಟರಿ ಬೇಗ ಖಾಲಿಯಾಗುತ್ತಂತೆ.