ಗುಮ್ಮಟದ ಮನೆ ಇಲಿನಾಯ್‌ಗೆ ಸರಿ, ತೀರ್ಥಹಳ್ಳಿಗೆ?

ತ್ರಿಕೋನಗಳನ್ನು ಜೋಡಿಸಿ ಅರ್ಧಗೋಲದಂತೆ ಕಟ್ಟುವ ಜಿಯೋಡೆಸಿಕ್ ಗುಮ್ಮಟದ ಮನೆಗಳನ್ನು ಮೆಚ್ಚುವವರು ಸಾಮಾನ್ಯವಾಗಿ ಅವುಗಳ ಚೆಲುವಿನಿಂದಲೇ ಮಾತು ಆರಂಭಿಸುತ್ತಾರೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಅಂಥದೊಂದು ಮನೆಯಲ್ಲಿ ಬಾಡಿಗೆಗಿರುವ ನನಗಾದರೋ ಅದರ ನಿಜವಾದ ಲಾಭ ಕಾಣುವುದು ಜನವರಿ ತಿಂಗಳ ಹೀಟಿಂಗ್ ಬಿಲ್ಲಿನಲ್ಲಿ. ಅರ್ಧಗೋಲದ ಹೊರಮೈ ಅದು ಆವರಿಸಿದ ನೆಲದ ಸರಿಯಾಗಿ ಎರಡರಷ್ಟಿರುತ್ತದೆ. ಅಷ್ಟೇ ನೆಲದ ಮೇಲೆ ನಿಂತು ಒಳಗೆ ಅಷ್ಟೇ ಗಾಳಿಯನ್ನು ಹಿಡಿಯುವ ಚೌಕಾಕಾರದ ತಾರಸಿ ಮನೆಗೆ, ಗೋಡೆ ಮತ್ತು ತಾರಸಿ ಎರಡೂ ಸೇರಿ, ನೆಲದ ಸುಮಾರು ಎರಡೂವರೆಯಷ್ಟು ಹೊರಮೈ ಬೇಕಾಗುತ್ತದೆ. ಶಾಖ ಹೊರಹೋಗುವುದು ಹೆಚ್ಚಾಗಿ ಹೊರಮೈಯಿಂದಲೇ ಆದ್ದರಿಂದ, ತಾಪಮಾನ ಸೊನ್ನೆಗಿಂತ ಕೆಳಗಿಳಿಯುವ ಊರಿನಲ್ಲಿ ಈ ಐದನೆಯ ಒಂದು ಪಾಲಿನ ಉಳಿತಾಯ ಸಣ್ಣದಲ್ಲ.

ಈ ವಿನ್ಯಾಸಕ್ಕೆ 1954ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ಬಕ್‌ಮಿನ್‌ಸ್ಟರ್ ಫುಲ್ಲರ್ 1960ರಲ್ಲಿ ಇದೇ ರಾಜ್ಯದ ಕಾರ್ಬನ್‌ಡೇಲ್‌ನಲ್ಲಿ ತಮಗಾಗಿ ಅಂಥ ಮನೆಯೊಂದನ್ನು ಕಟ್ಟಿಸಿಕೊಂಡು, ಪತ್ನಿಯೊಂದಿಗೆ ಅದರಲ್ಲಿ ವಾಸಿಸಿದರು. ತ್ರಿಕೋನಾಕಾರದ ಮರದ ಹಲಗೆಗಳಿಂದ ಜೋಡಿಸಿದ ಆ ಮನೆ ಇಂದಿಗೂ ಇದೆ. ತ್ರಿಕೋನದ ಬಾಹುಗಳ ಉದ್ದ ಬದಲಾಗದೆ ಅದರ ಆಕಾರ ಬದಲಾಗದು; ಹೀಗಾಗಿ ಒಂದೆಡೆ ಬಿದ್ದ ಹಿಮದ ಭಾರವೋ ಗಾಳಿಯ ಒತ್ತಡವೋ ಚೌಕಟ್ಟಿನ ತುಂಬ ಹಂಚಿಹೋಗುತ್ತದೆ, ಭಾರ ಹೊರುವ ಒಳಗೋಡೆಯ ಅಗತ್ಯವೂ ಬೀಳುವುದಿಲ್ಲ. ದಕ್ಷಿಣ ಧ್ರುವದ ಅಮುಂಡ್ಸನ್–ಸ್ಕಾಟ್ ನೆಲೆಯಲ್ಲಿ 1975ರಿಂದ ಮೂರು ದಶಕಗಳಿಗೂ ಹೆಚ್ಚು ಕಾಲ ಇಂಥದೇ ಅಲ್ಯೂಮಿನಿಯಂ ಗುಮ್ಮಟವೊಂದು ನಿಂತಿತ್ತೆಂದರೆ ಇದರ ಕಸುವಿಗೆ ಬೇರೆ ಸಾಕ್ಷಿ ಬೇಕಿಲ್ಲ.

ಒಳಗೋಡೆ ಬೇಡವೆಂಬುದು ಅನುಕೂಲವೇ ಹೌದು, ಆದರೆ ಒಂದು ಮಿತಿಯಲ್ಲಿ. ಗೋಲಗುಮ್ಮಟದ ಪಿಸುಮಾತಿನ ಮೊಗಸಾಲೆಯನ್ನು ಕಂಡವರಿಗೆ ಬಾಗಿದ ಗೋಡೆ ಸದ್ದನ್ನು ಹೇಗೆ ಒಯ್ಯುತ್ತದೆಂದು ವಿವರಿಸಬೇಕಿಲ್ಲ. ಅತ್ತೆ ಮಾವ ಬಂದಿರುವಾಗ ಅದು ಅಷ್ಟೇನೂ ಹಿತವಲ್ಲ. ನೇರ ಗೋಡೆಗೆಂದು ಮಾಡಿದ ಕಪಾಟು ಯಾವುದೂ ಇಲ್ಲಿ ಸರಿಯಾಗಿ ಕೂರುವುದಿಲ್ಲ. ದೇವರ ಮಂಟಪವನ್ನು ಪೂರ್ವಕ್ಕೆ ತಿರುಗಿಸುವುದೇನೋ ಸುಲಭ. ಗೋಡೆಗೆ ಒರಗಿಸುವುದೇ ಕಷ್ಟ.

ಊರಿನ ಬಂಧುಗಳು ಈಗ ತೀರ್ಥಹಳ್ಳಿಯ ಕಡೆ ಹೋಮ್‌ಸ್ಟೇಗಾಗಿ ಗುಮ್ಮಟ ಕಟ್ಟುವ ಉತ್ಸಾಹದಲ್ಲಿದ್ದಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಈ ಮನೆಯ ಲಾಭಗಳೆಲ್ಲ ಒಳಗಿನ ಗಾಳಿಯನ್ನು ಒಳಗೇ ಕಾಪಾಡಿಕೊಳ್ಳುವುದರಿಂದ ಬರುವಂಥವು. ನಮ್ಮ ಮಲೆನಾಡಿನ ಮನೆ ಬದುಕುವುದು ಗಾಳಿಯನ್ನು ಹಾಯಗೊಟ್ಟು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಸುತ್ತಿನಲ್ಲಿ, ಇಳಿಜಾರಾದ ಹಂಚಿನ ಮಾಡು ನೀರನ್ನು ನಿಲ್ಲಗೊಡದೆ ಇಳಿಸಿದರೆ, ಗೋಡೆಯಿಂದ ಮುಂದಕ್ಕೆ ಚಾಚಿದ ಸೂರು ಆ ನೀರನ್ನು ಗೋಡೆಯಿಂದ ದೂರ ಬೀಳಿಸುತ್ತದೆ, ಬೇಸಿಗೆಯಲ್ಲಿ ಬಿಸಿಲನ್ನೂ ತಡೆಯುತ್ತದೆ. ಅದರಡಿಯ ಜಗಲಿಯಲ್ಲಿ ಆಷಾಢದಲ್ಲಿಯೂ ಕುಳಿತುಕೊಳ್ಳಬಹುದು. ಗುಮ್ಮಟಕ್ಕೆ ಸೂರಿಲ್ಲ. ಗೋಡೆಯೇ ಮಾಡಾಗಿರುವುದರಿಂದ ಪ್ರತಿಯೊಂದು ಕೂಡಿಕೆಯೂ ಮಳೆಗೆ ಮೈಯೊಡ್ಡಿರುತ್ತದೆ, ನೆತ್ತಿಯ ಬಳಿ ಇಳಿಜಾರೂ ಕಡಿಮೆ. ಇಲಿನಾಯ್‌ನ ಹದವಾದ ಮಳೆಗೇ ನಮ್ಮ ಮನೆಯ ಕೂಡಿಕೆಗಳಿಗೆ ಮತ್ತೆ ಮತ್ತೆ ಸೀಲಂಟ್ ಹಾಕಿಸಬೇಕಾಗಿದೆ.

ಬಯಲುಸೀಮೆಯ ಮಾತು ಬೇರೆ. ಅಲ್ಲಿ ಕಿಟಕಿ ಮುಚ್ಚಿ ಏಸಿ ಹಾಕಿಕೊಂಡಿರುವವರಿಗೆ, ಶಾಖನಿರೋಧಕ ಪದರವನ್ನು ಚೆನ್ನಾಗಿ ಕೊಟ್ಟಿದ್ದರೆ, ಹೊರಮೈಯ ಲೆಕ್ಕ ಇಲ್ಲಿಯಂತೆಯೇ ಅನ್ವಯಿಸುತ್ತದೆ. ಮಲೆನಾಡಿನಲ್ಲಿ ಕಟ್ಟಲೇಬೇಕೆಂದಿದ್ದರೆ ಕೂಡಿಕೆಗಳ ಮೇಲೆ ಇಡಿಯಾಗಿ ನೀರು ತಡೆಯುವ ಹೊದಿಕೆ, ಬಾಗಿಲು ಕಿಟಕಿಗಳಿಗೆ ಚಾಚಿದ ಮರೆ, ಬಿಸಿಗಾಳಿ ಹೊರಹೋಗಲು ನೆತ್ತಿಯಲ್ಲೊಂದು ಗಾಳಿಗಂಡಿ ಬೇಕೇಬೇಕು. ಇವೆಲ್ಲ ಸೇರಿದ ಮೇಲೆ ಹಂಚಿನ ಮನೆಗಿಂತ ಅಗ್ಗವಾದೀತೇ ಎಂಬುದನ್ನು, ಮುಂಗಡ ಕೊಡುವ ಮೊದಲೇ, ಊರಿನ ಮೇಸ್ತ್ರಿಯೊಡನೆ ಕುಳಿತು ಲೆಕ್ಕ ಹಾಕುವುದು ಒಳ್ಳೆಯದು.