ಸ್ಪಷ್ಟನೆ: ಮರದ ಮೇಲಿನ ಕಲ್ಲುಹೂವೆಲ್ಲ ಅಡುಗೆಗಲ್ಲ

ತೀರ್ಥಹಳ್ಳಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ‘ಉತ್ತರದ ಹಿಮಸಾರಂಗ ಕಲ್ಲುಹೂವು ತಿಂದು ಬದುಕುತ್ತದೆ, ನಮ್ಮ ಅಡಿಕೆ ಮರದ್ದನ್ನೂ ಮಸಾಲೆಗೆ ಹಾಕಬಹುದು.’ ದಯವಿಟ್ಟು ಹಾಗೆ ಮಾಡಬೇಡಿ.

ಹಿಮಸಾರಂಗ ಚಳಿಗಾಲದಲ್ಲಿ ಅದನ್ನು ಜಾಸ್ತಿ ತಿನ್ನುವುದು ನಿಜ. ಆದರೆ ಹಿಮಸಾರಂಗವಿರುವ ಉತ್ತರ ಯುರೋಪಿನ ಸ್ಕ್ಯಾಂಡಿನೇವಿಯಾದಲ್ಲೇ ಬೆಳೆಯುವ ಒಂದು ಹಳದಿ ಜಾತಿಯ ಕಲ್ಲುಹೂವಿನಲ್ಲಿ ವಲ್ಪಿನಿಕ್ ಆಮ್ಲವೆಂಬ ವಿಷವಿದೆ. ಹಿಂದೆ ತೋಳಗಳಿಗೆ ವಿಷವಿಡಲು ಆ ಕಲ್ಲುಹೂವನ್ನೇ ಬಳಸುತ್ತಿದ್ದರು.

ಇನ್ನು ಥಾಮ್ನೋಲಿಯಾ ನೋಡಿ. ಬಿಳಿ ಹುಳುವಿನಂತೆ ಕಾಣುವ, ಚಳಿನಾಡಿನ ಕಲ್ಲುಹೂವು. ಅದರಲ್ಲಿ ಎರಡು ಬಗೆ, ಕಣ್ಣಿಗೆ ಎರಡೂ ಒಂದೇ. ಒಂದರಲ್ಲಿ ಥಾಮ್ನೋಲಿಕ್ ಆಮ್ಲ, ಇನ್ನೊಂದರಲ್ಲಿ ಬೇರೆಯೇ ಆಮ್ಲಗಳು. ನೇರಳಾತೀತ ಬೆಳಕು ಬಿಟ್ಟರೆ ಎರಡನೆಯದು ಮಾತ್ರ ಹೊಳೆಯುತ್ತದೆ!

ಹಾಗಿರುವಾಗ ತೋಟದ ಮರದ ಬೂದು ಪದರವನ್ನು ಸುಮ್ನೆ ನೋಡಿ, ಇದು ಅಂಗಡಿಯ ಕಲ್ಲುಹೂವೇ ಎನ್ನಲಾಗದು ಅಲ್ವಾ?