ಮಗುವನ್ನು ನಿಲ್ಲಿಸಬಾರದಂತೆ, ಟೀಚರನ್ನು ನಿಲ್ಲಿಸಬಹುದಂತೆ

ನನ್ನ ಅಂಗನವಾಡಿಯದು 61 ಪರ್ಸೆಂಟ್ ಅಂತೆ. ಮೈಕಿನಲ್ಲಿ ಓದಿದರು. ಕೇಂದ್ರದ ಹೆಸರು ಓದಿ, ಪರ್ಸೆಂಟ್ ಓದಿ, "ಯಾರ್ರೀ ಇದು? ಎದ್ದು ನಿಂತ್ಕೊಳ್ಳಿ" ಅಂದರು. ನಿಂತೆ.

ಅದು ರಿವ್ಯೂ ಮೀಟಿಂಗ್ ಆಗಿದ್ದರೆ ನಾನು ಇಷ್ಟು ಉರಿದುಕೊಳ್ಳುತ್ತಿರಲಿಲ್ಲ. ಮೀಟಿಂಗಿಗೆ ಹೋಗುವಾಗ ಬೈಸಿಕೊಳ್ಳೋದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಬಸ್ ಹತ್ತಿರುತ್ತೇವೆ. ಇದು ತರಬೇತಿ ಸ್ವಾಮಿ. 'ಪೋಷಣ್ ಭೀ ಪಢಾಯಿ ಭೀ', ಅಂದರೆ ಪೋಷಣೆಯೂ ಪಾಠವೂ, ಮೂರು ದಿನ. ಮಕ್ಕಳಿಗೆ ಕಲಿಸೋದು ಹೇಗೆ ಅಂತ ನಮಗೆ ಕಲಿಸಲು ಕರೆದಿದ್ದರು. ನಾನು ಖುಷಿಯಿಂದಲೇ ಹೋಗಿದ್ದೆ. ಹೊಸ ನೋಟ್‌ಬುಕ್ ತಗೊಂಡು, ಅದಕ್ಕೆ ಬೈಂಡ್ ಬೇರೆ ಹಾಕಿಕೊಂಡು. ಈ ವಯಸ್ಸಿನಲ್ಲಿ ಬೈಂಡ್ ಹಾಕಿದ ನೋಟ್‌ಬುಕ್ ಹಿಡಿದುಕೊಂಡು ಹೋದವಳು ಆ ಹಾಲಿನಲ್ಲಿ ನಾನೊಬ್ಬಳೇ ಇರಬೇಕು. ನಗಿ, ಪರವಾಗಿಲ್ಲ. ಇವತ್ತು ನಕ್ಕವರ ಜೊತೆ ನೀವೂ ಸೇರಿಕೊಳ್ಳಿ.

ತರಬೇತಿ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಹೇಳಿಕೊಟ್ಟ ಹುಡುಗಿ ನನ್ನ ಮಗಳ ವಯಸ್ಸಿನವಳು, ಆದರೂ ಎಲ್ಲರನ್ನೂ ಟೀಚರ್, ಟೀಚರ್ ಅಂತಲೇ ಮಾತಾಡಿಸಿದಳು. 'ಆಧಾರಶಿಲಾ' ಅಂತ ಮೂರರಿಂದ ಆರು ವರ್ಷದ ಮಕ್ಕಳಿಗೆ 48 ವಾರದ ಪಾಠ. ಯಾವ ದಿನ ಏನು ಮಾಡಿಸಬೇಕು ಅಂತ ಎಲ್ಲ ಇದೆ. ಅದರಲ್ಲಿ ಅರ್ಧ ನಾವು ನಮ್ಮ ರಾಜ್ಯದ ಚಿಲಿಪಿಲಿ ಪಠ್ಯದಲ್ಲಿ ಇಷ್ಟು ವರ್ಷ ಮಾಡಿಸಿದ್ದೇ. ಆದರೆ ಯಾಕೆ ಮಾಡಿಸಬೇಕು ಅಂತ ಕೂರಿಸಿ ಹೇಳಿದ್ದು ಇದೇ ಮೊದಲು. ಮಗು ಹುಣಸೆ ಬೀಜ ಒಂದೊಂದೇ ಎತ್ತಿ ಲೋಟಕ್ಕೆ ಹಾಕುತ್ತದಲ್ಲ, ಮುಂದೆ ಪೆನ್ಸಿಲ್ ಹಿಡಿಯುವ ಶಕ್ತಿ ಆ ಬೆರಳಿಗೆ ಅಲ್ಲಿಂದಲೇ ಬರೋದಂತೆ. ಮೆದುಳಿನ ಬೆಳವಣಿಗೆ ಶೇ 85ಕ್ಕಿಂತ ಜಾಸ್ತಿ ಆರು ವರ್ಷದೊಳಗೇ ಆಗಿಬಿಡುತ್ತದೆ ಅಂತ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಬರೆದಿದ್ದಾರೆ ಅಂದಳು. ಅಂದರೆ ನಮ್ಮ ಕೈಯಲ್ಲಿ ಇರುವಾಗಲೇ. ಆ ಮಾತು ಕೇಳಿ ಬೆನ್ನು ನೆಟ್ಟಗಾಯಿತು. ದಪ್ಪ ಅಕ್ಷರದಲ್ಲಿ ಬರೆದುಕೊಂಡೆ, ಕೆಳಗೆ ಎರಡು ಗೆರೆ ಎಳೆದೆ.

ಊಟ ಆದ ಮೇಲೆ ಶಿಸ್ತಿನ ಬಗ್ಗೆ ಪಾಠ. ಪರದೆ ಮೇಲೆ ದೊಡ್ಡದಾಗಿ ಬಂತು: 'ಮಗುವನ್ನು ಎಲ್ಲರೆದುರು ನಿಲ್ಲಿಸಿ ಅವಮಾನ ಮಾಡಬೇಡಿ. ಬೇರೆ ಮಗುವಿನ ಜೊತೆ ಹೋಲಿಸಬೇಡಿ.' ಅಷ್ಟರಲ್ಲಿ ಆಫೀಸಿನವರು ಬಂದರು. ಆ ಹುಡುಗಿ ಪಕ್ಕಕ್ಕೆ ಸರಿದಳು. ಪ್ರೊಜೆಕ್ಟರ್ ಯಾರೂ ಆಫ್ ಮಾಡಲಿಲ್ಲ. ಇವರು ಅದರ ಮುಂದೆಯೇ ನಿಂತು ಪಟ್ಟಿ ಓದಲು ಶುರು ಮಾಡಿದರು. ಅಕ್ಷರಗಳೆಲ್ಲ ಅವರ ಬಿಳಿ ಶರ್ಟಿನ ಮೇಲೆ. 'ಅವಮಾನ' ಹೊಟ್ಟೆ ಮೇಲೆ, 'ಮಾಡಬೇಡಿ' ಜೇಬಿನ ಮೇಲೆ. ನಾನು ಕಣ್ಣಾರೆ ನೋಡುತ್ತಾ ನಿಂತಿದ್ದೆ.

"ಏನಮ್ಮ, ಬಾಣಂತಿಯರ ಮುಖದ ಫೋಟೋ ಯಾಕಿಷ್ಟು ಕಡಿಮೆ?"

"ಸರ್, ಇಬ್ಬರು ಬಾಣಂತಿಯರು ತವರಿಗೆ ಹೋಗಿದ್ದಾರೆ. ಕೆಲವರದು ಒಟಿಪಿ ಗಂಡನ ಫೋನಿಗೆ ಹೋಗತ್ತೆ, ಅವರು ಬೆಂಗಳೂರಲ್ಲಿ..."

"ಎಲ್ಲರಿಗೂ ಅದೇ ಅಲ್ವಾ? ಪಕ್ಕದ ಸರ್ಕಲ್‌ನವರು ಮಾಡಿಲ್ವಾ?"

ಹೋಲಿಸಬೇಡಿ ಅನ್ನುವುದು ಆ ಹೊತ್ತಿಗೆ ಅವರ ಬೆಲ್ಟ್ ಹತ್ತಿರ ಇತ್ತು.

ಸುಮ್ನೆ ಕೂರಬೇಕಿತ್ತು ಅಂತ ಮನೆಯವರು ಹೇಳುತ್ತಾರೆ. ಯಾಕೆ ಕೂರಬೇಕು? ನೋಟ್‌ಬುಕ್‌ನ ಕೊನೇ ಪುಟದಲ್ಲಿ ಒಂದು ಪ್ರಶ್ನೆ ಬರೆದಿಟ್ಟುಕೊಂಡಿದ್ದೆ. ಹೇಗೂ ನಿಲ್ಲಿಸಿದ್ದಾರಲ್ಲ, ಕೇಳಿಬಿಟ್ಟೆ. "ಸರ್, ಈ ತರಬೇತಿ ಮೇಲ್ವಿಚಾರಕಿ ಬಡ್ತಿಗೆ ಲೆಕ್ಕಕ್ಕೆ ಬರತ್ತಾ?"

ಅವರು ಪಟ್ಟಿಯಿಂದ ತಲೆ ಎತ್ತಿ ನನ್ನನ್ನು ನೋಡಿದರು. "ಮೊದಲು ಮುಖದ ಫೋಟೋ ಹೊಡೆಯೋದು ಕಲೀರಿ. ಮೇಲ್ವಿಚಾರಕಿ ಆಮೇಲೆ ಆಗೋರಂತೆ."

ಹಾಲ್ ಪೂರ್ತಿ ನಕ್ಕಿತು. ಅವರು ನಕ್ಕರೆ ನಗಲಿ. ನಮ್ಮವರೇ ನಕ್ಕರು. ತಿಂಗಳ ಕೊನೆಗೆ ವರದಿ ತುಂಬೋಕೆ ಬರಲ್ಲ ಅಂತ ನನಗೇ ಫೋನ್ ಮಾಡುವವಳು ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕಳು. ಆಮೇಲೆ ಅವರು ಮುಂದಿನ ಹೆಸರಿಗೆ ಹೋದರು. ನನಗೆ ಕೂತ್ಕೊಳ್ಳಿ ಅಂತ ಯಾರೂ ಹೇಳಲಿಲ್ಲ. ಕೂರಬೇಕೋ, ನಿಂತೇ ಇರಬೇಕೋ ತಿಳಿಯಲಿಲ್ಲ. ಅರ್ಧ ಬಗ್ಗಿದೆ, ಅವರು ಈ ಕಡೆ ತಿರುಗಿದರು, ಮತ್ತೆ ನೆಟ್ಟಗಾದೆ. ಕೈಯಲ್ಲಿ ಆ ನೋಟ್‌ಬುಕ್. ನನ್ನ ಹಿಂದೆ ಇನ್ನೂ ನಾಲ್ಕೈದು ಜನ ಎದ್ದು ನಿಂತರು. ಕೊನೆಗೆ ಟೀ ಬಂತು, ಎಲ್ಲರೂ ಎದ್ದರು. ನಾವು ನಿಂತಿದ್ದವರು ಯಾರು, ಟೀಗೆ ಎದ್ದವರು ಯಾರು ಅಂತ ಆಗ ಗೊತ್ತಾಗಲಿಲ್ಲ ನೋಡಿ. ಅಷ್ಟರ ಮಟ್ಟಿಗೆ ಟೀ ತಂದವನಿಗೆ ಪುಣ್ಯ ಬರಲಿ.

ಈಗ ಆ 61ರ ಕಥೆ ಕೇಳಿ. ಮನೆಗೆ ಕೊಡುವ ಆಹಾರಕ್ಕೆ ಬಾಣಂತಿಯ ಮುಖ ಆ್ಯಪ್‌ಗೆ ಹೊಂದಬೇಕು, 2025ರ ಜುಲೈಯಿಂದ ಕಡ್ಡಾಯ. ಆಧಾರ್ ಫೋಟೋದಲ್ಲಿ ಅವಳು ಜಡೆ ಹಾಕಿಕೊಂಡ ಕಾಲೇಜು ಹುಡುಗಿ. ಎದುರಿಗಿರುವವಳು ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದು, ನಿದ್ದೆಗೆಟ್ಟು ಮುಖ ಊದಿಕೊಂಡವಳು. 'ಕಣ್ಣು ಮಿಟುಕಿಸಿ' ಅನ್ನುತ್ತದೆ ಫೋನು. ಬಟ್ಟೆ ಬಿಚ್ಚಬೇಡ, ಶೀತ ಆಗತ್ತೆ ಅನ್ನುತ್ತಾಳೆ ಅತ್ತೆ. ನೆಟ್‌ವರ್ಕ್‌ಗೆ ನಾನು ಹಿತ್ತಲಿಗೆ ಕರೆಯಬೇಕು. ಅಷ್ಟರಲ್ಲಿ ಕೂಸು ಅಳುತ್ತದೆ. ಇದರಲ್ಲಿ ನಾನು ಕಲಿಯಬೇಕಾದ್ದು ಏನಿದೆ ಅಂತ ಆ ಸಾಹೇಬರು ಒಂದು ದಿನ ಬಂದು ತೋರಿಸಲಿ. ನಾನು ಹೊರಗೆ ಫೋನ್ ಹಿಡಿದು ಅಲೆಯುವಾಗ ಒಳಗೆ ಮಕ್ಕಳನ್ನು ನೋಡಿಕೊಳ್ಳುವವಳು ಸಹಾಯಕಿ ಅಕ್ಕ. ಅವಳು ಅಡುಗೆಯನ್ನೂ ಮಾಡಬೇಕು. 48 ವಾರದ ಪಾಠ ಯಾರು ಮಾಡಬೇಕಪ್ಪ?

ಬಡ್ತಿ ನಾನು ಕನಸಲ್ಲಿ ಕಂಡಿದ್ದಲ್ಲ. ಅಂಗನವಾಡಿ ನಡೆಯುವ ಯೋಜನೆ ಇದೆಯಲ್ಲ, ಪೋಷಣ್ 2.0, ಅದರ ಮಾರ್ಗಸೂಚಿಯಲ್ಲಿ ಕೇಂದ್ರ ಸರ್ಕಾರದವರೇ ಬರೆದಿದ್ದಾರೆ. ಮೇಲ್ವಿಚಾರಕಿ ಹುದ್ದೆಯಲ್ಲಿ ಅರ್ಧ, ಐದು ವರ್ಷ ಅನುಭವ ಇರುವ ಅರ್ಹ ಕಾರ್ಯಕರ್ತೆಯರಿಗೆ. ಕಾರ್ಯಕರ್ತೆ ಹುದ್ದೆಯಲ್ಲಿ ಅರ್ಧ, ಸಹಾಯಕಿಯರಿಗೆ. ಶಿಕ್ಷಣ ನೀತಿ 2020ರಲ್ಲಿ ಬಂತು. ಪಿಯುಸಿ ಆದವರಿಗೆ 6 ತಿಂಗಳ ಸರ್ಟಿಫಿಕೇಟ್ ಕೋರ್ಸ್, ಅದಕ್ಕಿಂತ ಕಡಿಮೆ ಓದಿದವರಿಗೆ 1 ವರ್ಷದ ಡಿಪ್ಲೊಮಾ ಅಂತ ಅದರಲ್ಲಿದೆ. ನನ್ನ ಕೈಗೆ ಬಂದಿದ್ದು ಮೂರು ದಿನ. ಆ ಮೂರು ದಿನದಲ್ಲೂ ಒಂದು ಮಧ್ಯಾಹ್ನ ಪಟ್ಟಿ ಓದೋದಕ್ಕೆ ಹೋಯಿತು. ನಾನು ದೂರಶಿಕ್ಷಣದಲ್ಲಿ ಬಿಎ ಮುಗಿಸಿದ್ದೇನೆ, ಕೇಂದ್ರದ ಬೀಗ ಹಾಕಿದ ಮೇಲೆ ಓದಿ. ಅದು ಯಾವ ಫೈಲಿನಲ್ಲಿದೆಯೋ ದೇವರೇ ಬಲ್ಲ.

ಇತ್ತ ಸರ್ಕಾರಿ ಶಾಲೆಯಲ್ಲಿ ಎಲ್‌ಕೆಜಿ ತೆರೆದರೆ ನಮ್ಮ ಮಕ್ಕಳು ಅಲ್ಲಿಗೆ ಹೋಗುತ್ತಾರೆ. 2024ರಲ್ಲಿ ಬೀದಿಗಿಳಿದು ಕೂಗಿದ್ದು ಅದಕ್ಕೇ ಅಲ್ವಾ? ಆಗ ಅಂಗನವಾಡಿಯಲ್ಲೇ ಎಲ್‌ಕೆಜಿ ಯುಕೆಜಿ ಮಾಡೋಣ ಅಂದರು. ಸರಿ, ಮಾಡೋಣ. ಕಲಿಸುವವಳಿಗೆ ಕಲಿಸಿ ಮತ್ತೆ! ಗ್ರಾಚ್ಯುಟಿ ಕೊಡಿ ಅಂತ ಹೇಳೋದಕ್ಕೇ 2022ರಲ್ಲಿ ಸುಪ್ರೀಂ ಕೋರ್ಟ್ ಬೇಕಾಯಿತು. ಕೇಂದ್ರ ಸರ್ಕಾರ ಗೊತ್ತು ಮಾಡಿದ ಗೌರವಧನ 2018ರಲ್ಲಿ 4,500 ಆಗಿದ್ದು, ಅಲ್ಲೇ ಕೂತಿದೆ. ಮೇಲಿನದ್ದು ರಾಜ್ಯ ಹಾಕುತ್ತದೆ, ಅದೂ ಪ್ರತಿ ಸಲ ಕೂಗಿದ ಮೇಲೆ. 85 ಪರ್ಸೆಂಟ್ ಮೆದುಳು ನಮ್ಮ ಕೈಯಲ್ಲಂತೆ.

ಹೋಗಲಿ ಬಿಡಿ. ಮೇಲ್ವಿಚಾರಕಿ ಆಗಿ ನಾನೇನು ಮಾಡಬೇಕಿತ್ತು? ಅವರಿಗೂ ಸುಖ ಇಲ್ಲ. ಒಂದು ಸರ್ಕಲ್ ಪೂರ್ತಿ ಸುತ್ತಿ, ಎಲ್ಲ ಕೇಂದ್ರದ ಪರ್ಸೆಂಟಿಗೂ ಅವರೇ ಬೈಸಿಕೊಳ್ಳಬೇಕು. ನನ್ನ ಕೇಂದ್ರ, ನನ್ನ ಮಕ್ಕಳು, ಅಲ್ಲೇ ನಿವೃತ್ತಿ ಆದರಾಯಿತು ಅಂತ ಬಸ್ಸಿನಲ್ಲಿ ಅಂದುಕೊಂಡೆ. ಮನೆಗೆ ಬಂದು ಕಾಲು ತೊಳೆದ ಮೇಲೆ ಮತ್ತೆ ಉರಿಯಿತು. ಯಾಕೆ ಬಿಡಬೇಕು? ಬೇಡ ಅನ್ನೋದು ನಾನು ಹೇಳಬೇಕಾದ ಮಾತು. ನಗಾಡಿ ಕಳಿಸೋದಕ್ಕೆ ಅವರು ಯಾರು?

ನನಗೆ ಇವತ್ತು ಒಂದು ಉತ್ತರ ಬೇಕು. ಇಲಾಖೆಯವರಾಗಲಿ, ಸಂಘದವರಾಗಲಿ, ಬಡ್ತಿ ಸಿಕ್ಕವರಾಗಲಿ, ಯಾರಾದರೂ ಹೇಳಿ. ಬಡ್ತಿಗೆ ನಮ್ಮ ಜಿಲ್ಲೆಯ ಜ್ಯೇಷ್ಠತಾ ಪಟ್ಟಿ ಎಲ್ಲಿ ಸಿಗುತ್ತದೆ? ತಾಲೂಕು ಆಫೀಸಿನಲ್ಲಿ ಕೇಳಿದರೆ ಮೇಲಿಂದ ಬರಬೇಕು ಅನ್ನುತ್ತಾರೆ, ಮೇಲೆ ಕೇಳಿದರೆ ತಾಲೂಕಿಂದ ಬರಬೇಕು ಅನ್ನುತ್ತಾರೆ. ಆರ್‌ಟಿಐ ಹಾಕುವುದಾದರೆ ಯಾರ ಹೆಸರಿಗೆ ಹಾಕಬೇಕು, ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಸಿಡಿಪಿಒಗಾ, ಜಿಲ್ಲೆಯ ಉಪನಿರ್ದೇಶಕರಿಗಾ? ಹಾಕಿದವರು ಇದ್ದರೆ ಅರ್ಜಿಯಲ್ಲಿ ಹೇಗೆ ಕೇಳಿದಿರಿ ಅಂತ ಕಳಿಸಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ನಾಳೆಯೇ ತರುತ್ತೇನೆ. 'ಧೈರ್ಯವಾಗಿರಿ ಅಕ್ಕ' ಅಂತ ಮಾತ್ರ ಯಾರೂ ಬರೆಯಬೇಡಿ. ಧೈರ್ಯ ಇದೆ. ಪಟ್ಟಿ ಬೇಕು.